ಅಪ್ಪಯ್ಯನ ಫೋನು ರಿಂಗಾದ್ರೆ

ಶಿರಸಿ ಹತ್ರದ ನಮ್ಮ ಊರ ಮನೇಲಿ ಫೋನಿಗೆ ನೆಟ್‌ವರ್ಕ್ ಸಿಗೋದು ಒಂದೇ ಜಾಗದಲ್ಲಿ, ಅಂಗಳ ದಾಟಿ ದಣಪೆ ಪಕ್ಕದಲ್ಲಿರೋ ಹಲಸಿನ ಮರದ ಬುಡದಲ್ಲಿ. ಆ ಮರಕ್ಕೊಂದು ಮೊಳೆ ಹೊಡೆದು, ಪ್ಲಾಸ್ಟಿಕ್ ಕೊಟ್ಟೆಲಿ ಸುತ್ತಿ ಅಪ್ಪಯ್ಯನ ಕೀಪ್ಯಾಡ್ ಫೋನು ನೇತು ಹಾಕಿರ್ತಾರೆ. ರಿಂಗಾದ್ರೆ ಜಗಲಿಯಿಂದ ಎದ್ದು ಹೋಗ್ಬೇಕು, ಒಳಗೆ ತಂದು ಮಾತಾಡಿದ್ರೆ ಕಟ್ಟಾಗತ್ತೆ, ಅಲ್ಲೇ ನಿಂತು ಮಾತಾಡ್ಬೇಕು. ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟಿ ಜಾರತ್ತೆ ಅಂತ ಸೋಗೆ ಹಾಸಿರ್ತಾರೆ, ಆದ್ರೂ ಅಪ್ಪಯ್ಯನಿಗೆ ಈಗ 74, ಓಡೋ ವಯಸ್ಸಲ್ಲ.

ಹೋದ ಮಳೆಗಾಲದಲ್ಲಿ ಹಾಗೇ ಆಯ್ತು. ತೋಟಕ್ಕೆ ಎರಡನೇ ಸಲದ ಮದ್ದು ಹೊಡೆಯೋದು ಬಾಕಿ ಇತ್ತು. ಅಡಿಕೆ ತೋಟ ಇರೋರಿಗೆ ಇದರ ಒದ್ದಾಟ ಗೊತ್ತು, ಮಳೆ ಶುರುವಾಗೋ ಹೊತ್ತಿಗೆ ಒಂದು ಸಲ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೀಬೇಕು, ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ, ತಪ್ಪಿದ್ರೆ ಕೊಳೆ ರೋಗ ಬಂದು ಎಳೆ ಕಾಯಿ ಪೂರ್ತಿ ಬುಡಕ್ಕೆ ಉದುರತ್ತೆ. ಮೈಲುತುತ್ತ, ಸುಣ್ಣ ಎಲ್ಲಾ ತಂದು ಇಟ್ಟಾಗಿತ್ತು, ಮಳೆ ಎರಡು ದಿನ ಹೊಳವು ಕೊಟ್ಟಿತ್ತು, ಮರ ಹತ್ತಿ ಮದ್ದು ಹೊಡೆಯೋ, ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಬರ್ಬೇಕಿತ್ತು ಅಷ್ಟೇ. ನಮ್ಮ ಕೊನೆಗೌಡನ ಹತ್ರ ಒಂದೇ ನಂಬರ್ ಅಂತ ಇರಲ್ಲ, ಇವತ್ತು ಅವನ ಮಗನ ಫೋನಿಂದ ಮಾಡ್ತಾನೆ, ನಾಳೆ ಯಾರದೋ ತೋಟದ ಯಜಮಾನರ ಫೋನಿಂದ ಮಾಡ್ತಾನೆ, ಎತ್ತಲಿಲ್ಲ ಅಂದ್ರೆ ಆ ಹೊಳವಿನಲ್ಲಿ ಬೇರೆಯವರ ತೋಟಕ್ಕೆ ಹೋಗಿಬಿಡ್ತಾನೆ. ಅವನದೂ ತಪ್ಪಲ್ಲ, ಹತ್ತಾರು ತೋಟದವರು ಅವನೊಬ್ಬನಿಗೇ ಕಾಯ್ತಿರ್ತಾರೆ.

ಫೋನ್ ರಿಂಗಾಯ್ತು. ಅಪ್ಪಯ್ಯ ಊಟಕ್ಕೆ ಕೂತವರು ಅರ್ಧಕ್ಕೇ ಎದ್ದು ಓಡಿದ್ರು. ಹಲಸಿನ ಮರ ಇನ್ನೇನು ಎರಡು ಹೆಜ್ಜೆ ಅನ್ನುವಾಗ ಜಾರಿ ಬಿದ್ದು ಕಾಲು ಉಳುಕಿತು. ಬಿದ್ದಲ್ಲಿಂದ್ಲೇ ಮರ ಹಿಡ್ಕೊಂಡು ಎದ್ದು ಫೋನ್ ಎತ್ತಿದ್ರೆ, ಆ ಕಡೆಯಿಂದ ಹಿಂದಿಯಲ್ಲಿ, ನಿಮಗೆ ಪರ್ಸನಲ್ ಲೋನ್ ಮಂಜೂರಾಗಿದೆ ಅಂತ. ಸಾಲ ಕೇಳಿದವರು ಯಾರು? ಅಪ್ಪಯ್ಯ ಜೀವಮಾನದಲ್ಲಿ ಸೊಸೈಟಿ ಬೆಳೆಸಾಲ ಒಂದು ಬಿಟ್ಟು ಬೇರೆ ಸಾಲ ಮಾಡಿದವರಲ್ಲ.

ಸಂಜೆ ನನಗೆ ಕಾರವಾರಕ್ಕೆ ಫೋನ್ ಮಾಡಿ "ಕೊನೆಗೌಡಂದೇ ಫೋನು ಹೇಳಿ ತಿಳ್ಕಂಡಿ ತಂಗಿ" ಅಂದ್ರು. ಮೂರು ವಾರ ಕಾಲು ಊರೋಕೆ ಆಗ್ಲಿಲ್ಲ ಅವರಿಗೆ. ನಾನು ಈ ಬೇಡದ ಫೋನುಗಳ ವಿಷಯ ಹಿಡಿದು ಕೂತಿದ್ದು ಅವತ್ತಿಂದ.

ನಿಜ ಹೇಳ್ಬೇಕಂದ್ರೆ ಅದಕ್ಕೂ ಒಂದು ವರ್ಷ ಮುಂಚೆ ನನಗೇ ಒಂದು ಆಗಿತ್ತು, ಆಗ ಸುಮ್ನಿದ್ದೆ. 2024ರ ಜುಲೈ 16, ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದ ದಿನ. ನಮ್ಮ ಮನೆಯವರು ಅವತ್ತು ಬೆಳಿಗ್ಗೆ ಕೆಲಸದ ಮೇಲೆ ಕುಮಟಾಕ್ಕೆ ಅಂತ ಅದೇ ಹೆದ್ದಾರೀಲಿ ಹೋಗಿದ್ರು. ಸುದ್ದಿ ಬಂದ ಮೇಲೆ ನಾನು ಮಾಡ್ತಾ ಇದ್ದೀನಿ ಮಾಡ್ತಾ ಇದ್ದೀನಿ ಅವರ ಫೋನು ಹತ್ತೋದೇ ಇಲ್ಲ, ಆ ಮಳೆ, ಆ ಕತ್ತಲು ಕವಿದ ಹಾಗಿದ್ದ ಬೆಳಗು, ಕೈಯಲ್ಲಿ ಫೋನ್ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದೆ. ಆಗ ಒಂದು ಗೊತ್ತಿಲ್ಲದ ನಂಬರಿಂದ ಫೋನ್ ಬಂತು. ಯಾರದೋ ಫೋನಿಂದ ಅವರೇ ಮಾಡಿರ್ಬೇಕು ಅಂತ ಒಂದು ಮನಸ್ಸು, ಪೊಲೀಸರೋ ಆಸ್ಪತ್ರೆಯವರೋ ಅಂತ ಇನ್ನೊಂದು ಮನಸ್ಸು, ಬೆರಳು ನಡುಗ್ತಿತ್ತು. ಎತ್ತಿದ್ರೆ ಕ್ರೆಡಿಟ್ ಕಾರ್ಡ್. ಒಂದು ಗಂಟೆ ಆದ್ಮೇಲೆ ಅವರದ್ದೇ ಫೋನ್ ಬಂತು, ಅವರು ಅಲ್ಲಿ ದಾಟಿ ಆಗಲೇ ಕುಮಟಾ ಮುಟ್ಟಿದ್ರು. ನಮಗೆ ಒಳ್ಳೇದಾಯ್ತು, ಅವತ್ತು ಎಷ್ಟೋ ಮನೆಯವರಿಗೆ ಹಾಗಾಗ್ಲಿಲ್ಲ. ಆ ಮನೆಗಳಿಗೂ ಅವತ್ತು ಇಂಥ ಫೋನು ಬಂದಿರಬಹುದಲ್ಲ ಅಂತ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳೆಸತ್ತೆ.

ಹಾಗಾಗಿ ಯಾರಾದ್ರೂ "ಗೊತ್ತಿಲ್ಲದ ನಂಬರ್ ಎತ್ಬೇಡಿ, ಮುಗೀತು" ಅಂದ್ರೆ ನನಗೆ ಒಪ್ಪೋಕಾಗಲ್ಲ. ನಮ್ಮ ಕಡೆ ಗೊತ್ತಿಲ್ಲದ ನಂಬರಿಂದ್ಲೇ ಮುಖ್ಯವಾದ ಫೋನು ಬರೋದು. ಕೊನೆಗೌಡ, ಅಡಿಕೆ ಸುಲಿಯೋರು, ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತಾಗ ಪಕ್ಕದ ಸೀಟಿನವರ ಫೋನಿಂದ ಮನೆಗೆ ಹೇಳೋ ಮಕ್ಕಳು, ಮಂಗಳೂರಿನ ಆಸ್ಪತ್ರೆಲಿ ಇರೋ ನೆಂಟರ ಕಡೆಯವರು. ರಿಂಗಾದ ಫೋನು ಎತ್ತೋದು ನಮ್ಮ ಹಿರಿಯರಿಗೆ ಮನೆ ಬಾಗಿಲಿಗೆ ಬಂದವರಿಗೆ ಆಸರಿಗೆ, ಅಂದ್ರೆ ಕುಡಿಯೋಕೆ ಏನು ಬೇಕು ಅಂತ, ಕೇಳಿದಷ್ಟೇ ಸಹಜ. ಎತ್ತಬೇಡಿ ಅಂತ ಅವರಿಗೆ ಹೇಳೋದು ಯಾಕೆ, ಬೇಡದ ಫೋನು ಬರದ ಹಾಗೆ ಮಾಡ್ಬೇಕು.

ಮೊದಲು ಮಾಡಿದ್ದು ಡಿಎನ್‌ಡಿ, ಅಂದ್ರೆ ಜಾಹೀರಾತಿನ ಫೋನು ಬೇಡ ಅಂತ ನಮ್ಮ ನಂಬರನ್ನ ಪಟ್ಟಿಗೆ ಸೇರಿಸೋದು. ಇದು ತುಂಬಾ ಜನಕ್ಕೆ ಕೇಳಿ ಗೊತ್ತು, ಮಾಡಿರಲ್ಲ. ಆಯಾ ಫೋನಿಂದ್ಲೇ ಇಂಗ್ಲಿಷ್ ಅಕ್ಷರದಲ್ಲಿ ಸ್ಟಾರ್ಟ್ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಸೊನ್ನೆ ಹಾಕಿ, 1909ಕ್ಕೆ ಮೆಸೇಜ್ ಕಳಿಸೋದು. 1909ಕ್ಕೆ ಫೋನ್ ಮಾಡಿನೂ ಮಾಡಿಸ್ಬಹುದು. ಸೊನ್ನೆ ಅಂದ್ರೆ ಯಾವ ಜಾಹೀರಾತು ಫೋನೂ ಬೇಡ ಅಂತ. ಬ್ಯಾಂಕು ಇನ್ಶೂರೆನ್ಸಿಂದು, ಸೈಟು ಮನೆ ಮಾರೋರದ್ದು, ಎಜುಕೇಶನ್ನು, ಆರೋಗ್ಯ ಹೀಗೆ ವಿಭಾಗ ಮಾಡಿದ್ದಾರೆ, ಯಾವುದಾದ್ರೂ ಬೇಕಿದ್ರೆ ಅದೊಂದನ್ನ ಮಾತ್ರ ಬಿಟ್ಟು ಉಳಿದಿದ್ದು ಬಂದ್ ಮಾಡಿಸೋಕೂ ಬರತ್ತೆ. ಅಪ್ಪಯ್ಯನಿಗೆ ಯಾವುದೂ ಬೇಡ. ಓಟಿಪಿ, ಬ್ಯಾಂಕಿನಲ್ಲಿ ದುಡ್ಡು ಜಮಾ ಆದ ಮೆಸೇಜು ಇದೆಲ್ಲಾ ಡಿಎನ್‌ಡಿ ಮಾಡಿದ್ರೂ ನಿಲ್ಲಲ್ಲ, ಆ ಹೆದರಿಕೆಗೇ ನಮ್ಮ ಆಯಿ (ಅಮ್ಮ) ಮೊದಲು ಬೇಡ ಬೇಡ ಅಂತಿದ್ಲು.

ಕಡಿಮೆ ಆಯ್ತು, ನಿಲ್ಲಲಿಲ್ಲ. ಯಾಕೆ ಅಂತ ಹುಡುಕ್ತಾ ಹೋದಾಗ ತಿಳಿದಿದ್ದು, ಟೆಲಿಮಾರ್ಕೆಟಿಂಗಿನೋರಲ್ಲಿ ಎರಡು ಜಾತಿ. ರಿಜಿಸ್ಟರ್ ಮಾಡ್ಕೊಂಡು ಕೆಲಸ ಮಾಡೋರು ಡಿಎನ್‌ಡಿ ಪಟ್ಟಿ ನೋಡ್ಕೊಂಡೇ ಫೋನ್ ಮಾಡ್ಬೇಕು, ಅವರ ಜಾಹೀರಾತು ಫೋನು 140ರಿಂದ ಶುರುವಾಗೋ ನಂಬರಿಂದ ಬರ್ಬೇಕು. ಬ್ಯಾಂಕು, ಇನ್ಶೂರೆನ್ಸಿನವರು ನಮ್ಮ ಖಾತೆ ವಿಷಯಕ್ಕೇ ಮಾಡೋ ಫೋನುಗಳಿಗೆ ಅಂತ 1600ರಿಂದ ಶುರುವಾಗೋ ನಂಬರ್ ಬೇರೆ ಕೊಟ್ಟಿದ್ದಾರೆ. ಇನ್ನೊಂದು ಜಾತಿ ಯಾವ ರಿಜಿಸ್ಟ್ರೇಶನ್ನೂ ಇಲ್ದೆ ನಮ್ಮ ನಿಮ್ಮ ಹಾಗೆ ಹತ್ತು ಅಂಕಿಯ ಮೊಬೈಲ್ ನಂಬರಿಂದ್ಲೇ ಮಾಡೋರು. ಅವರಿಗೆ ಪಟ್ಟಿನೂ ಇಲ್ಲ ಏನೂ ಇಲ್ಲ. ಅಪ್ಪಯ್ಯನಿಗೆ ಬರ್ತಿದ್ದಿದ್ದು ಹೆಚ್ಚಿನವು ಇವೇ, ನೋಡೋಕೆ ಕೊನೆಗೌಡನ ನಂಬರ್ ಹಾಗೇ ಇರ್ತಿತ್ತಲ್ಲ.

ನಂಬರ್ ಎಲ್ಲಿಂದ ಸಿಗತ್ತೆ ಇವರಿಗೆ ಅಂತ ಆಯಿ ಕೇಳ್ತಾನೇ ಇರ್ತಾಳೆ. ಎಲ್ಲಾ ದಾರಿ ನನಗೆ ಗೊತ್ತಿಲ್ಲ, ಒಂದು ದಾರಿ ಗೊತ್ತು. 2024ರ ಮಾರಿಜಾತ್ರೆಲಿ ಶಿರಸಿ ಪೇಟೆಯ ಒಂದು ಸ್ಟಾಲಲ್ಲಿ ಲಕ್ಕಿ ಡ್ರಾ ಅಂತ ಕೂಪನ್ ತುಂಬಿಸ್ತಿದ್ರು, ಮಿಕ್ಸರ್ ಸಿಗತ್ತೆ, ಸ್ಕೂಟರ್ ಸಿಗತ್ತೆ ಅಂತ. ಹೆಸರು, ಊರು, ಫೋನ್ ನಂಬರ್, ಜಮೀನು ಇದೆಯಾ ಇಲ್ವಾ ಅಂತಲೂ ಒಂದು ಕಾಲಮ್ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಲ್ಲಿ ಏನೋ ಇತ್ತು, ಅದಕ್ಕೊಂದು ಸಹಿ. ನಾನೇ ಅಪ್ಪಯ್ಯನ ಹೆಸರಲ್ಲಿ ಒಂದು, ನನ್ನ ಹೆಸರಲ್ಲಿ ಒಂದು ತುಂಬಿ ಡಬ್ಬಿಗೆ ಹಾಕಿದ್ದೆ. ಆ ಸಣ್ಣ ಅಕ್ಷರದಲ್ಲಿ ಇದ್ದಿದ್ದು ನಮಗೆ ಫೋನ್ ಮಾಡೋಕೆ ಒಪ್ಪಿಗೆ. ಜಾತ್ರೆ ಮುಗಿದು ತಿಂಗಳೊಳಗೆ ಇಬ್ಬರಿಗೂ ಫೋನು ಶುರುವಾಗಿದ್ದು, ತೋಟದ ಲೆಕ್ಕ ಕೇಳ್ಕೊಂಡು ಮಾಡ್ತಿದ್ರು. ಈಗ ಅಂಗಡೀಲಿ ಬಿಲ್ ಮಾಡೋವಾಗ ಯಾರು ನಂಬರ್ ಕೇಳಿದ್ರೂ ನಾನು ಯಾತಕ್ಕೆ ಅಂತ ಕೇಳ್ತೀನಿ, ಕೊಡ್ಲೇಬೇಕು ಅಂತ ಏನಿಲ್ಲ.

ಅಕ್ಕೋರ, ಅಂದ್ರೆ ಟೀಚರ ಬಗ್ಗೆ ಹೇಳ್ಬೇಕು. ಕಾರವಾರದ ಕಾಜುಬಾಗಲ್ಲಿ ನಮ್ಮ ಪಕ್ಕದ ಮನೇಲಿ ಒಬ್ಬರು ರಿಟೈರ್ಡ್ ಅಕ್ಕೋರು ಇದ್ದಾರೆ, ಒಬ್ಬರೇ, ಮಕ್ಕಳು ಗೋವಾದಲ್ಲಿ. ಅವರಿಗೆ ದಿನಾ ಎಂಟು ಹತ್ತು ಫೋನು ಬರ್ತಿತ್ತು. ನಾನು ನನ್ನ ಅಪ್ಪಯ್ಯನ ಕತೆ ಹೇಳ್ದಾಗ ಅವರು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಕೊಟ್ರು. ನೋಡಿದ್ರೆ ಶಾಲೆ ಹಾಜರಿ ಪುಸ್ತಕದ ಹಾಗೆ ಗೆರೆ ಹೊಡೆದು, ತಾರೀಕು, ಹೊತ್ತು, ನಂಬರು, ಯಾವ ಭಾಷೆ, ಏನಂದ್ರು ಅಂತ ಐದು ಕಾಲಮ್ಮು, ನಾಲ್ಕು ತಿಂಗಳದ್ದು. "ಸಿಟ್ಟು ಬರ್ತಿತ್ತು, ಯಾರ ಹತ್ರ ಹೇಳ್ಲಿ, ಬರೆದಿಟ್ಟೆ" ಅಂದ್ರು. ಆ ಪುಸ್ತಕ ನೋಡಿ ನನಗೆ ಗಂಟಲು ಕಟ್ಟಿತು. ಮೂವತ್ತು ವರ್ಷಕ್ಕೂ ಹೆಚ್ಚು ಮಕ್ಕಳಿಗೆ ಅಕ್ಷರ ಕಲಿಸಿದವರು ಮನೇಲಿ ಕೂತು ತಮ್ಮ ನೆಮ್ಮದಿ ಹಾಳು ಮಾಡಿದವರ ಹಾಜರಿ ತಗೊಳ್ತಾ ಇದ್ರು.

ಆದ್ರೆ ಆ ಪುಸ್ತಕ ಕಂಪ್ಲೇಂಟಿಗೆ ಬೇಕಾಗಿದ್ದೇ ಆಗಿತ್ತು. ಫೋನ್ ಮಾಡಿದವರ ನಂಬರು, ತಾರೀಕು, ಏನು ಮಾರೋಕೆ ಮಾಡಿದ್ರು ಅಂತ ಒಂದು ಸಾಲು, ಇಷ್ಟಿದ್ರೆ ಅದೇ 1909ಕ್ಕೆ ಮೆಸೇಜ್ ಕಳಿಸಿ ದೂರು ಕೊಡಬಹುದು, ಫೋನ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಟ್ರಾಯ್‌ನವರ ಡಿಎನ್‌ಡಿ ಆಪಲ್ಲೂ ಕೊಡಬಹುದು. ಮುಂಚೆ ಫೋನ್ ಬಂದು ಮೂರು ದಿನದೊಳಗೆ ಕೊಡ್ಬೇಕಿತ್ತು. ಬೇಡದ ಫೋನುಗಳ ಬಗ್ಗೆ ಇರೋ 2018ರ ನಿಯಮಕ್ಕೆ 2025ರ ಫೆಬ್ರವರೀಲಿ ತಿದ್ದುಪಡಿ ತಂದ್ಮೇಲೆ ಏಳು ದಿನ ಆಗಿದೆ, ರಿಜಿಸ್ಟರ್ ಆಗದವರ ಮೇಲೆ ಫೋನ್ ಕಂಪನಿಯವರು ಕ್ರಮ ತಗೊಳ್ಳೋಕೆ ಮುಂಚೆ ಇದ್ದ 30 ದಿನ ಈಗ ಐದು ದಿನಕ್ಕೆ ಇಳಿದಿದೆ. ಮುಂಚೆ ಏಳು ದಿನದಲ್ಲಿ ಹತ್ತು ದೂರು ಬಂದ್ರೆ ಕ್ರಮ ಅಂತ ಇತ್ತು, ಈಗ ಹತ್ತು ದಿನದಲ್ಲಿ ಐದು ದೂರು ಬಂದ್ರೆ ಸಾಕು. ಡಿಎನ್‌ಡಿ ಮಾಡಿಸದೇ ಇದ್ದವರೂ ಇಂಥ ಹತ್ತಂಕಿ ನಂಬರಿನವರ ಮೇಲೆ ದೂರು ಕೊಡಬಹುದು. ಐದೇ ಐದು ಜನ! ನಮ್ಮ ಓಣಿಯಲ್ಲೇ ಐದು ಜನಕ್ಕೆ ಒಂದೇ ನಂಬರಿಂದ ಬಂದಿರತ್ತೆ, ಐದೂ ಜನ ಬೈದು ಬ್ಲಾಕ್ ಮಾಡಿ ಸುಮ್ನಾಗಿರ್ತೀವಿ. ಬ್ಲಾಕ್ ಮಾಡಿದ್ರೆ ನಮಗೊಬ್ಬರಿಗೆ ನಿಲ್ಲತ್ತೆ, ಅವರು ಮುಂದಿನ ಮನೆಗೆ ಮಾಡ್ತಾರೆ. ದೂರು ಕೊಟ್ರೆ ಆ ನಂಬರಿಗೇ ಕುತ್ತು.

ದೂರು ಕೊಟ್ರೆ ಏನಾಗತ್ತೆ ಬಿಡಿ ಅನ್ನೋರಿಗೆ ಇದೊಂದು ಹೇಳ್ತೀನಿ. 2024ರ ಆಗಸ್ಟಲ್ಲಿ ಟ್ರಾಯ್, ರಿಜಿಸ್ಟರ್ ಆಗದೆ ಇಂಥ ಫೋನು ಮಾಡೋರ ಎಲ್ಲಾ ಕನೆಕ್ಷನ್ ಕಿತ್ತು ಎರಡು ವರ್ಷದವರೆಗೆ ಬ್ಲ್ಯಾಕ್‌ಲಿಸ್ಟ್ ಮಾಡಿ ಅಂತ ಕಂಪನಿಗಳಿಗೆ ಆದೇಶ ಕೊಡ್ತು, ಮುಂದಿನ ತಿಂಗಳು ಶುರುವಾಗೋ ಹೊತ್ತಿಗೆ 2.75 ಲಕ್ಷಕ್ಕೂ ಹೆಚ್ಚು ನಂಬರು ಕಡಿತ ಆಗಿತ್ತು. ಆ ಆದೇಶದ ಹಿಂದೆ ಇದ್ದಿದ್ದು ಆ ವರ್ಷದ ಮೊದಲ ಆರು ತಿಂಗಳಲ್ಲಿ ಜನ ಕೊಟ್ಟ 7.9 ಲಕ್ಷ ದೂರು. ಅಂದ್ರೆ ಯಾರೋ ಕೂತು ಬರೆದಿದ್ದಕ್ಕೆ ಬೆಲೆ ಇದೆ. ಅಕ್ಕೋರಿಗೆ ಇದನ್ನ ಓದಿ ಹೇಳಿದೆ, ಅವತ್ತಿಂದ ಅವರೇ ದಿನಾ ಸಂಜೆ ದೀಪ ಹಚ್ಚಿ ಆದ್ಮೇಲೆ ಕೂತು ಅವತ್ತಿನ ದೂರು ಕಳಿಸ್ತಾರೆ. ಪುಸ್ತಕಕ್ಕೆ ಆರನೇ ಕಾಲಮ್ ಎಳೆದಿದ್ದಾರೆ, ದೂರಿನ ನಂಬರ್ ಬರ್ಕೊಳ್ಳೋಕೆ.

ಇನ್ನು ಮಾರೋಕೆ ಅಲ್ಲ, ಕದಿಯೋಕೇ ಮಾಡೋ ಫೋನು. ಇದೇ ಬೇರೆ, ಇದನ್ನ ಹಿರಿಯರಿಗೆ ಬಿಡಿಸಿ ಬಿಡಿಸಿ ಹೇಳ್ಬೇಕು. ಆಯಿಗೆ ಒಂದು ದಿನ ರೆಕಾರ್ಡ್ ಮಾಡಿದ ದನಿ ಬಂತು, ಟೆಲಿಕಾಂ ಇಲಾಖೆಯಿಂದ, ಎರಡು ಗಂಟೆಯೊಳಗೆ ನಿಮ್ಮ ನಂಬರ್ ಬಂದ್ ಆಗತ್ತೆ, ಒಂಬತ್ತು ಒತ್ತಿ ಅಂತ. ಆಯಿ ಒತ್ತಲಿಲ್ಲ, ಆದ್ರೆ ಆ ಎರಡು ತಾಸು ಅವಳು ಪಟ್ಟ ಒದ್ದಾಟ ಇದೆಯಲ್ಲ, "ಎರಡು ತಾಸಲ್ಲಿ ಫೋನು ಬಂದ್ ಆಗ್ತಡ, ಯಂಗೆ ಹೆದ್ರಿಕೆ ಆಗೋತು" ಅಂತ ಪಕ್ಕದ ಮನೆಗೆ ಓಡಿ ಹೋಗಿ ನನಗೆ ಫೋನ್ ಮಾಡ್ಸಿದ್ಲು. ಟೆಲಿಕಾಂ ಇಲಾಖೆ ಆಗ್ಲಿ ಟ್ರಾಯ್ ಆಗ್ಲಿ ಹಾಗೆ ಯಾರಿಗೂ ಫೋನ್ ಮಾಡಿ ಬಂದ್ ಮಾಡ್ತೀವಿ ಅನ್ನಲ್ಲ, ಅವರೇ ಹೇಳಿದ್ದಾರೆ. ಅಕ್ಕೋರಿಗೆ ನವೆಂಬರ್ ಬಂದ್ರೆ ಪಿಂಚಣಿಯ ಲೈಫ್ ಸರ್ಟಿಫಿಕೇಟ್ ನಾವೇ ಮಾಡ್ಕೊಡ್ತೀವಿ, ಓಟಿಪಿ ಹೇಳಿ ಅಂತ ಫೋನು. ಮನೆ ಬಿಟ್ಟು ಹೊರಡೋಕೆ ಕಷ್ಟ ಇರೋ ವಯಸ್ಸಾದವರಿಗೆ ಮನೇಲೇ ಕೂತು ಆಗತ್ತೆ ಅಂದ್ರೆ ಎಷ್ಟು ಉಪಕಾರ ಅನ್ಸತ್ತೆ, ಕಳ್ಳರಿಗೆ ಅದೂ ಗೊತ್ತು. ವಿಡಿಯೋ ಕಾಲಲ್ಲಿ ಪೊಲೀಸ್ ಡ್ರೆಸ್ ಹಾಕ್ಕೊಂಡು ಡಿಜಿಟಲ್ ಅರೆಸ್ಟ್ ಅನ್ನೋರ ವಿಷಯ 2024ರ ಅಕ್ಟೋಬರಲ್ಲಿ ಪ್ರಧಾನಿಯವರೇ ಮನ್ ಕೀ ಬಾತಲ್ಲಿ ಹೇಳಿದ್ರು, ನಮ್ಮ ಕಾನೂನಲ್ಲಿ ಅಂಥ ಅರೆಸ್ಟೇ ಇಲ್ಲ.

ಇಂಥ ಮೋಸದ ಫೋನು ಬಂದು ನಾವು ಬೀಳದೇ ಉಳಿದ್ರೆ ಟೆಲಿಕಾಂ ಇಲಾಖೆಯ ಸಂಚಾರ ಸಾಥಿ ಪೋರ್ಟಲ್ಲಿನ ಚಕ್ಷು ಅನ್ನೋದರಲ್ಲಿ ಹೇಳಬಹುದು, 2024ರ ಮಾರ್ಚಲ್ಲಿ ಶುರುವಾಗಿದ್ದು. ದುಡ್ಡು ಹೋಗೇಬಿಟ್ಟಿದ್ರೆ ಚಕ್ಷು ಅಲ್ಲ, ಒಂದು ನಿಮಿಷ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು. ಬೇಗ ಹೇಳಿದಷ್ಟೂ ಆ ದುಡ್ಡು ಮುಂದಿನ ಖಾತೆಗೆ ಜಾರೋ ಮುಂಚೆ ತಡೆಹಿಡಿಯೋಕೆ ಅವಕಾಶ. ನಾಚಿಕೆ ಪಟ್ಕೊಂಡು ಮಗನಿಗೆ ರಾತ್ರಿ ಹೇಳಿದ್ರಾಯ್ತು ಅಂತ ಕೂರ್ಬಾರದು. 1909, 1930 ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಊರ ಮನೆಯ ಗೋಡೆಗೆ, ಕ್ಯಾಲೆಂಡರ್ ಪಕ್ಕ ಅಂಟಿಸಿ ಬಂದಿದ್ದೀನಿ. ಒಂದು ಬೇಡದ ಫೋನಿಗೆ, ಒಂದು ಕಳ್ಳರಿಗೆ ಅಂತ ಆಯಿಗೆ ಈಗ ಬಾಯಿಪಾಠ.

ಒಂದು ಮಾತ್ರ ನಾನು ಮಾಡಲ್ಲ, ಫೋನ್ ಮಾಡಿದ ಹುಡುಗ ಹುಡುಗಿಯರಿಗೆ ಬೈಯಲ್ಲ. ಮುಂಚೆ ಬೈತಿದ್ದೆ. ಒಂದು ಸಲ ಊರಲ್ಲಿದ್ದಾಗ ಅಪ್ಪಯ್ಯನಿಗೆ ಬಂದ ಫೋನು ಕನ್ನಡದಲ್ಲೇ ಇತ್ತು, ಇನ್ಶೂರೆನ್ಸಿಂದು, ಆ ಕೂಸಿನ ಮಾತಿನ ಎಳೆತ ಕೇಳಿ ಅಪ್ಪಯ್ಯ "ಯಾವೂರು ತಂಗಿ ನಿಂದು?" ಅಂತ ಕೇಳಿದ್ರು. ಆ ಕಡೆ ಸ್ವಲ್ಪ ಹೊತ್ತು ಸುಮ್ನಾಗಿ, ಕುಮಟಾ ಕಡೆ ಅಜ್ಜಾ ಅಂದ್ಲು. ಬೆಂಗಳೂರಲ್ಲಿ ಪೀಜೀಲಿ ಇದ್ದಾಳೆ, ದಿನಕ್ಕೆ ಇಷ್ಟು ಅಂತ ಫೋನ್ ಮಾಡ್ಲೇಬೇಕಂತೆ, ಮಾಡ್ದಿದ್ರೆ ಸಂಬಳ ಹಿಡೀತಾರಂತೆ. ಅಪ್ಪಯ್ಯ ಹಲಸಿನ ಮರದಡಿ ನಿಂತು ಊಟ ತಿಂಡಿ ಸರಿಯಾಗಿ ಮಾಡ್ಕಳೇ ಅಂತೆಲ್ಲಾ ಹೇಳಿ, ನನಗೆ ಇನ್ಶೂರೆನ್ಸ್ ಬೇಡ ಅಂತನೂ ಹೇಳಿ ಇಟ್ರು. ನಮ್ಮ ಜಿಲ್ಲೆ ಮಕ್ಕಳು ಡಿಗ್ರಿ ಮುಗಿಸಿ ಘಟ್ಟ ಹತ್ತಿ ಹೋಗಿ ಇಂಥ ಕೆಲಸಕ್ಕೇ ಸೇರ್ಕೊಳ್ತಾರೆ, ಇಲ್ಲಿ ಕೆಲಸ ಎಲ್ಲಿದೆ? ನನ್ನ ಸಿಟ್ಟು ಆ ಕೂಸಿನ ಮೇಲಲ್ಲ, ನಮ್ಮ ನಂಬರ್ ಮಾರಿದವರ ಮೇಲೆ, ಅದನ್ನ ಕೊಂಡು ಅವಳ ಕೈಗೆ ಪಟ್ಟಿ ಕೊಟ್ಟು ಕೂರಿಸಿದವರ ಮೇಲೆ. ದೂರು ಮುಟ್ಟಬೇಕಾಗಿದ್ದೂ ಅಲ್ಲಿಗೇ. ಅವಳ ಫೋನು ಇಟ್ಟಮೇಲೆ ನಾನು ಆ ನಂಬರಿನ ಮೇಲೂ ದೂರು ಕೊಟ್ಟೆ. ಬೈಯಲಿಲ್ಲ, ದೂರು ಕೊಟ್ಟೆ.

ಊರಲ್ಲಿ ಈಗ ಒಂದು ವ್ಯವಸ್ಥೆ ಆಗಿದೆ. ಕೊನೆಗೌಡನಿಗೆ ಸಂಬಂಧಪಟ್ಟ ನಂಬರು ಸಿಕ್ಕಷ್ಟೂ ಸೇವ್ ಮಾಡಿ, ಕೊನೆಗೌಡ ಒಂದು, ಎರಡು, ಮೂರು ಅಂತ ಹಾಕಿಟ್ಟಿದ್ದೀನಿ, ನಾಲ್ಕನೇದು ಯಾವಾಗ ಬರತ್ತೋ ಅಂತ ಕಾಯ್ತಿದ್ದೀವಿ. ಅಪ್ಪಯ್ಯನಿಗೆ ಬರೋ ಬೇಡದ ಫೋನುಗಳನ್ನ ಆಯಿ ಕ್ಯಾಲೆಂಡರಿನ ಆಯಾ ತಾರೀಕಿನ ಚೌಕದಲ್ಲಿ ಪೆನ್ಸಿಲಲ್ಲಿ ಬರೀತಾಳೆ, ಪಕ್ಕದ ಮನೆಯ ಪಿಯುಸಿ ಓದೋ ಕೂಸು ಶನಿವಾರ ಬಂದು ಅಪ್ಪಯ್ಯನ ಫೋನಿಂದ್ಲೇ ಮೆಸೇಜ್ ಕಳಿಸ್ತಾಳೆ. ಏಳು ದಿನ ಮಾಡಿದ್ದಕ್ಕೆ ಇದು ಸಾಧ್ಯ ಆಗಿದ್ದು, ಮೂರು ದಿನ ಆಗಿದ್ರೆ ಆಗ್ತಿರ್ಲಿಲ್ಲ. ಪೂರ್ತಿ ನಿಂತಿಲ್ಲ ಫೋನು. ಆಷಾಢದಲ್ಲಿ ದಿನಕ್ಕೆ ಐದಾರು ಬರ್ತಿದ್ದಿದ್ದು ಈಗ ವಾರಕ್ಕೆ ಎರಡು ಮೂರು.

ಮೊನ್ನೆ ಊರಿಗೆ ಹೋದಾಗ ಕೊನೆ ಕೊಯ್ಲಿನ ಸಮಯ. ನಾನು ಮೆತ್ತಿ ಮೇಲಿದ್ದೆ, ಫೋನ್ ರಿಂಗಾಯ್ತು, ನನ್ನ ಎದೆ ಧಸಕ್ಕಂತು, ಅಪ್ಪಯ್ಯ ಮತ್ತೆ ಓಡ್ತಾರೆ ಅಂತ. ಕಿಟಕೀಲಿ ನೋಡಿದ್ರೆ ಕೋಲು ಊರ್ಕೊಂಡು ನಿಧಾನಕ್ಕೆ ಅಂಗಳ ದಾಟ್ತಿದ್ರು. ಅವರು ಮುಟ್ಟೋದರೊಳಗೆ ರಿಂಗ್ ನಿಂತಿತು. ಕೊಟ್ಟೆ ಬಿಚ್ಚಿ, ಫೋನನ್ನ ಕಣ್ಣಿನ ಹತ್ರ ಹಿಡಿದು ಹೆಸರು ಓದಿ, ಅಲ್ಲಿಂದ್ಲೇ ಕೂಗಿದ್ರು, "ತಂಗೀ, ಕೊನೆಗೌಡ ಎರಡು!" ಆಮೇಲೆ ಅವರೇ ವಾಪಸ್ ಮಾಡಿ ಮಾತಾಡಿದ್ರು. ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತಾನಂತೆ.